ಹುಣಸೆಹಣ್ಣಿನಲ್ಲಿ ತೊಳೆದ ಕುದುರೆ

ನಮ್ಮ ಅಕ್ಕನ ಎಡಗಿವಿಯ ಹಾಲೆ ಸೀಳಿ ಎರಡು ಪಾಲಾಗಿದೆ. ಆ ಕಿವಿಗೆ ಓಲೆ ನಿಲ್ಲುವುದಿಲ್ಲ. ಬಲಗಿವಿಗೆ ಒಂದೇ ಬೆಂಡೋಲೆ ಹಾಕಿಕೊಂಡು, ಸೆರಗನ್ನು ಎಡಕ್ಕೆ ಸ್ವಲ್ಪ ಹೆಚ್ಚು ಎಳೆದುಕೊಂಡು ಓಡಾಡುತ್ತಾಳೆ. ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸರು, "ಇನ್ನೊಂದು ಓಲಿ ಎಲ್ಲಿ ಬಿತ್ರಿ ಅಕ್ಕಾರ?" ಎಂದು ಗಾಬರಿಯಿಂದ ಸೀಟಿನ ಕೆಳಗೆ ಹುಡುಕುವುದುಂಟು. ಆಗ ಅಕ್ಕ ನನ್ನ ಕಡೆ ಕೈ ಮಾಡುತ್ತಾಳೆ.

"ಇಕೀನ್ನ ಕೇಳ್ರಿ. ಹಾಲು ಕುಡಿಯೋ ಕೂಸಿದ್ದಾಗ ಜಗ್ಗಿ ಹರದಾಳ. ದೊಡ್ಡಾಕಿ ಆದಮ್ಯಾಲೆ ಏನೇನ್ ಹರೀತಾಳೋ ಅಂತ ನಾ ಅವತ್ತ ತಿಳ್ಕೋಬೇಕಿತ್ತು."

ಹೆಂಗಸರು ನಗುತ್ತಾರೆ. ನಾನೂ ನಗುತ್ತೇನೆ. ಅಕ್ಕ ತಮಾಷೆಗೆ ಹೇಳುವ ಮಾತು ಅದು. ನನಗೆ ಮಾತ್ರ ಪ್ರತಿ ಸಲವೂ ಒಂದು ಕುದುರೆ ನೆನಪಾಗುತ್ತದೆ.

ನಮ್ಮದು ವಿಜಯಪುರದ ಕಡೆಯ ಹಳ್ಳಿ. ನಾನು ಹುಟ್ಟುವ ಹೊತ್ತಿಗೆ ಅಪ್ಪ ಅವ್ವ ಗೋವಾಕ್ಕೆ ಬಂದು ಸಾಂಗೆಯ ಗಣಿಯಲ್ಲಿ ದುಡಿಯುತ್ತಿದ್ದರು. ಅವರು ಕೆಲಸಕ್ಕೆ ಹೋದರೆ ನಾನು ಅಕ್ಕನ ಸೊಂಟದ ಮೇಲೆ. ಕಿವಿ ಹರಿದದ್ದು ಆಗಲೇ. ಮುಂದೆ ನನ್ನನ್ನು ಶಾಲೆಗೆಂದು ಊರಿನಲ್ಲಿ ಅಜ್ಜಿಯ ಬಳಿ ಬಿಟ್ಟರು. ಐದನೆಯ ತರಗತಿಗೆ ನನ್ನ ಓದು ಮುಗಿಯಿತು. ಅಕ್ಕನಿಗೆ ಅಷ್ಟೂ ಸಿಗಲಿಲ್ಲ. ಅವಳು ಲಾರಿಯ ಮೇಲೆ ದುಡಿಯುವ ನಮ್ಮ ಭಾವನನ್ನು ಮದುವೆಯಾಗಿ ಮಡಗಾಂವಿನ ಮೋತಿ ಡೊಂಗರ್‌ನಲ್ಲಿ ಮನೆ ಮಾಡಿದಳು. ಗುಡ್ಡದ ಮೇಲೆ, ಒಂದರ ತಲೆಯ ಮೇಲೆ ಇನ್ನೊಂದು ಕಾಲಿಟ್ಟಂತೆ ನಿಂತ ಮನೆಗಳಲ್ಲಿ ಅವಳದು ಬಹಳ ಮೇಲಿನದು. ಕಡಿದಾದ ಮೆಟ್ಟಿಲು, ಮಳೆಗಾಲದಲ್ಲಿ ಪಾಚಿ. "ನಮ್ಮ ಮನಿಗೆ ಸಾಲ ಕೇಳಾವರೂ ಬರಂಗಿಲ್ಲ, ಏರೂದ್ರಾಗ ಅವರ ಸಿಟ್ಟು ಇಳೀತೈತಿ" ಎನ್ನುತ್ತಿದ್ದಳು.

ಅಲ್ಲಿಂದ ಇಳಿದು, ಬಸ್ಸು ಹಿಡಿದು, ಸಮುದ್ರದ ಕಡೆಯ ಒಂದು ಹಳ್ಳಿಯಲ್ಲಿ ದೊಡ್ಡ ಹಳೆಯ ಮನೆಯೊಂದಕ್ಕೆ ಅವಳು ಕೆಲಸಕ್ಕೆ ಹೋಗುತ್ತಿದ್ದಳು. ಆ ಮನೆಯ ಒಡತಿಯನ್ನು ನಾವು ಬಾಯ್, ಅಂದರೆ ಅಮ್ಮಾವ್ರು, ಎಂದು ಕರೆಯುತ್ತೇವೆ. ಅವರ ಗಂಡ ಹಡಗಿನಲ್ಲಿ ಅಡುಗೆಯವರಾಗಿ ಲೋಕವೆಲ್ಲ ಸುತ್ತಿ, ಕೊನೆಗೆ ಮನೆಗೆ ಬಂದು ಕೂತು, ಕೆಲವು ವರ್ಷಗಳಲ್ಲಿ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಬಾಯ್ ಕೊಂಕಣಿಯಲ್ಲೇ ಮಾತಾಡುತ್ತಿದ್ದರು, ನಡುನಡುವೆ ಹಿಂದಿ. ಅಕ್ಕ ಅವರಿಗೆ ಕೊಂಕಣಿಯಲ್ಲಿ ಉತ್ತರ ಕೊಡುತ್ತಿದ್ದಳು, ಸಾಮಾನುಗಳ ಜೊತೆ ಮಾತ್ರ ಕನ್ನಡದಲ್ಲಿ ಮಾತಾಡುತ್ತಿದ್ದಳು.

ಹೌದು, ಸಾಮಾನುಗಳ ಜೊತೆ. ಅದು ಅವಳ ಅಭ್ಯಾಸ. ಒರೆಸುವಾಗ ಗಡಿಯಾರಕ್ಕೆ "ಸ್ವಲ್ಪ ತಡಿಯವಾ, ಮಾರಿ ಒರಸ್ತೀನಿ" ಎನ್ನುವಳು. ನಮ್ಮದು ಮೀನು ಮಾಂಸ ತಿನ್ನದ ಮನೆ. ಆದರೂ ಬಾಯ್‌ಗಾಗಿ ಬಂಗಡೆ ಹೆಚ್ಚಬೇಕಲ್ಲ, ಕಣ್ಣು ಅತ್ತ ತಿರುಗಿಸಿಕೊಂಡು, "ತಪ್ಪು ತಿಳ್ಕೋಬ್ಯಾಡಪಾ, ನಾ ಉಣ್ಣಾಕಿ ಅಲ್ಲ, ನನ್ನ ಹೆಸರು ಹೇಳಬ್ಯಾಡ" ಎಂದು ಮೀನಿಗೆ ಹೇಳಿ ಕೊಯ್ಯುವಳು. ಬಾಯ್‌ಗೆ ಕನ್ನಡ ತಿಳಿಯದು. ಆದರೂ ಒಳಗಿನಿಂದ ನಗುತ್ತಿದ್ದರಂತೆ.

ಅವಳು ಎಲ್ಲಕ್ಕಿಂತ ಹೆಚ್ಚು ಮಾತಾಡುತ್ತಿದ್ದದ್ದು ಗಾಜಿನ ಕಪಾಟಿನಲ್ಲಿದ್ದ ಕಂಚಿನ ಕುದುರೆಯ ಜೊತೆ. ಒಂದು ಗೇಣಿನಷ್ಟು ಎತ್ತರ, ಅಷ್ಟೇ. ಆದರೆ ಎತ್ತಿದರೆ ಕೈ ಜಗ್ಗುವಷ್ಟು ಭಾರ. ಅಮೆರಿಕದಲ್ಲಿ ಯಾರೋ ಕಲಾವಿದ ಎರಕ ಹೊಯ್ದದ್ದು, ಕಾಲಡಿಯ ಪೀಠದ ಅಂಚಿಗೆ ಅವನ ಹೆಸರು ಕೊರೆದಿದೆ. ಬಾಯ್ ಅವರ ಗಂಡ ಅಲ್ಲಿನ ಒಂದು ಬಂದರಿನ ಹಳೆ ಸಾಮಾನಿನ ಅಂಗಡಿಯಲ್ಲಿ ಅದನ್ನು ಕಂಡು, ಹಡಗು ಆ ಬಂದರಿಗೆ ಹೋದಾಗಲೆಲ್ಲ ಹೋಗಿ ನೋಡಿ ಬಂದು, ಕೊನೆಗೊಂದು ಸಲ ತಂದೇ ಬಿಟ್ಟರಂತೆ. ನಾವು ಚಿತ್ರಗಳಲ್ಲಿ ನೋಡುವ ಹಾಗೆ ಮುಂಗಾಲೆತ್ತಿ ಕೆನೆಯುವ ಕುದುರೆಯಲ್ಲ ಅದು. ಮೇಲೆ ಸವಾರನಿಲ್ಲ, ಜೀನಿಲ್ಲ. ತಲೆ ತಗ್ಗಿಸಿದೆ. ಬಾಲ ಹಿಂಗಾಲುಗಳ ನಡುವೆ ಒತ್ತಿಕೊಂಡಿದೆ. ಹಿಂದಿನಿಂದ ಗಾಳಿ ಮಳೆ ಹೊಡೆಯುತ್ತಿದ್ದರೆ ದನಕರು ನಿಲ್ಲುವುದಿಲ್ಲವೇ, ಹಾಗೆ.

ಅಕ್ಕ ಅದಕ್ಕೆ 'ಅಮೆರಿಕದಾಂವ' ಎಂದು ಹೆಸರಿಟ್ಟಿದ್ದಳು. "ಏನಪಾ ಅಮೆರಿಕದಾಂವ, ನಿಮ್ಮೂರಾಗೂ ಮಳಿ ಜೋರ ಏನು? ಗಾಳಿಗೆ ಬೆನ್ನು ಕೊಟ್ಟು ನಿಂತಿ ನೋಡು, ಶ್ಯಾಣ್ಯಾ" ಎಂದು ಮಾತಾಡಿಸುತ್ತಲೇ ಒಣ ಮೆತ್ತನೆಯ ಬಟ್ಟೆಯಿಂದ ಮೇಲಿನ ಧೂಳನ್ನಷ್ಟೇ ತೆಗೆಯುವಳು. ಆ ಕಪಾಟಿನ ಕೀಲಿಕೈ ಬಾಯ್ ಅವರನ್ನು ಬಿಟ್ಟರೆ ಅಕ್ಕನ ಸೊಂಟದಲ್ಲಿ ಮಾತ್ರ ಇರುತ್ತಿತ್ತು. ಅದು ಅವಳ ದೊಡ್ಡ ಹೆಮ್ಮೆ. ಬೇರೆ ಬಂಗಾರ ಅವಳಿಗೇನಿತ್ತು?

ನನ್ನ ಸಂಸಾರ ನೆಟ್ಟಗೆ ನಡೆಯಲಿಲ್ಲ. ಗಂಡನ ಮನೆಯಿಂದ ಹೊರಬಿದ್ದು, ಒಂದು ಚೀಲದಲ್ಲಿ ಸೀರೆ ತುಂಬಿಕೊಂಡು ಮೋತಿ ಡೊಂಗರ್‌ನ ಮೆಟ್ಟಿಲು ಹತ್ತಿದೆ. ಅಕ್ಕ ಯಾಕೆ ಏನು ಎಂದು ಕೇಳಲಿಲ್ಲ. "ಉಂಡಿಯೇನ?" ಎಂದಳು. ಬಿಸಿ ರೊಟ್ಟಿ ಹಾಕಿ, ನಾನು ತಿನ್ನುವಾಗ ಪಕ್ಕದ ಮನೆಯವಳಿಗೆ ಕೇಳುವಂತೆ, "ನಮ್ಮ ತಂಗಿ ನನ್ನ ನೋಡಾಕ ಬಂದಾಳ, ಇನ್ನ ಇಲ್ಲೇ ಇರ್ತಾಳ" ಎಂದು ಗೋಡೆಯಾಚೆಗೆ ಕೂಗಿದಳು. ಅಷ್ಟರಿಂದಲೇ ನನ್ನ ಮಾನ ಉಳಿಯಿತು.

ಬಾಯ್‌ಗೆ ಪಣಜಿಯಲ್ಲಿ ಒಬ್ಬ ಚಿಕ್ಕಪ್ಪನ ಮಗಳಿದ್ದರು. ಅವರ ಮನೆಗೆ ಅಡುಗೆಗೆ, ಅಲ್ಲೇ ಉಳಿಯಲು, ನಂಬಿಕೆಯ ಹೆಂಗಸು ಬೇಕಿತ್ತು. ಅಕ್ಕ ನನ್ನ ಮಾತು ತೆಗೆದಳು. ಬಾಯ್, "ಕ್ರಿಸ್‌ಮಸ್ ತನಕ ಇಲ್ಲಿ ಬಂದು ನಿನ್ನ ಜೊತೆ ಕೆಲಸ ಮಾಡಲಿ, ನೋಡಿ ಹೇಳುತ್ತೇನೆ" ಎಂದರು. ಅದೇ ಹೊತ್ತಿಗೆ ಅಕ್ಕನಿಗೂ ಒಂದು ಒಳ್ಳೆಯ ಸುದ್ದಿಯಿತ್ತು. ಅವಳ ಮೊಣಕಾಲು ಆಗಲೇ ನೋಯುತ್ತಿತ್ತು. ಬಾಯ್ ತಮ್ಮ ಹಿತ್ತಲ ಕಡೆಯ ಕೋಣೆಯನ್ನು ಅವಳಿಗೆ ಕೊಡುವುದಾಗಿ ಹೇಳಿದ್ದರು. ಹಬ್ಬ ಮುಗಿದ ಮೇಲೆ ಬಂದು ಇದ್ದುಬಿಡು, ಗುಡ್ಡ ಹತ್ತುವುದು ಸಾಕು ಎಂದಿದ್ದರು. ಅಕ್ಕ ಆ ಕೋಣೆಗೆ ಹೋಗಿ ಬಾಗಿಲ ಮುಂದೆ ನಿಂತು, ಹೊಸ್ತಿಲನ್ನು ಕಾಲಿನಿಂದ ದಾಟಿ, ಮತ್ತೆ ಹಿಂದೆ ಬಂದು, ನನ್ನ ಕಡೆ ತಿರುಗಿ, "ನೋಡವಾ, ಒಂದ ಮೆಟ್ಟಲ! ಬರೇ ಒಂದು!" ಎಂದಿದ್ದಳು.

ಕೆಲಸದ ಮೊದಲ ದಿನವೇ ಅವಳು ನನಗೆ ಹೇಳಿದ ಮಾತು ಇದು: "ಮಂದಿ ಮನಿ ಸಾಮಾನಿಗೆ ಎರಡು ಕೈ ಬೇಕು. ಒಂದು ಹಿಡಿಯಾಕ, ಒಂದು ಅಂಜಾಕ."

ನನಗೆ ಅಂಜುವ ಕೈ ಇರಲಿಲ್ಲ. ಮೆಚ್ಚಿಸುವ ಆತುರ ಮಾತ್ರ ಇತ್ತು.

ಹಬ್ಬಕ್ಕೆ ಮುಂಚೆ ಮನೆ ತೊಳೆಯುವ ಕೆಲಸ ನಡೆದಿತ್ತು. ಆ ದಿನ ಬಾಯ್ ಪ್ರಾರ್ಥನೆಗೆಂದು ಇಗರ್ಜಿಗೆ ಹೋಗಿದ್ದರು. ಅಕ್ಕ ಕಪಾಟಿನ ಸಾಮಾನನ್ನೆಲ್ಲ ಒರೆಸಿಡಲು ಊಟದ ಮೇಜಿನ ಮೇಲೆ ತೆಗೆದಿಟ್ಟಿದ್ದಳು. ಅಷ್ಟರಲ್ಲಿ ತೆಂಗಿನಕಾಯಿ ಮುಗಿದದ್ದು ನೆನಪಾಗಿ ಅಂಗಡಿಗೆ ಹೊರಟಳು. ಹೋಗುವಾಗ, ದೇವರ ಮುಂದಿನ ಹಿತ್ತಾಳೆಯ ದೀಪದ ಕಂಬಗಳನ್ನು ತೋರಿಸಿ, "ಇವನ್ನ ಹುಣಸಿಹಣ್ಣು ಹಚ್ಚಿ ಬೆಳಗಿಡು. ಮೇಜಿನ ಮ್ಯಾಲಿನವು ನಾ ಬಂದು ನೋಡ್ತೀನಿ" ಎಂದಳು.

ಕಂಬಗಳು ಬೇಗ ಮುಗಿದವು. ಬಟ್ಟಲಲ್ಲಿ ಹುಣಸೆಹಣ್ಣಿನ ರಸ ಉಳಿದಿತ್ತು. ಮೇಜಿನ ಮೇಲೆ ಕುದುರೆ ಕಂಡಿತು. ಹಳೆಯ ಹುಣಸೆಹಣ್ಣಿನ ಕಪ್ಪು, ಹೊಟ್ಟೆಯ ಅಡಿ ಮತ್ತು ಕಾಲಿನ ಮಡಿಕೆಗಳಲ್ಲಿ ಹಸಿರು. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಚಿಕ್ಕಂದಿನಿಂದ ಕಲಿಸುವುದೇ ಅದನ್ನು. ಕಂಚು ತಾಮ್ರದ ಮೇಲೆ ಹಸಿರು ಕಂಡರೆ ಅದು ಕಿಲುಬು, ಕಿಲುಬು ಎಂದರೆ ವಿಷ. ಹಬ್ಬದ ದಿನ ಮನೆಯಲ್ಲಿ ಕಿಲುಬು ಹಿಡಿದ ಪಾತ್ರೆ ಇದ್ದರೆ ಲಕ್ಷ್ಮಿ ಹೊಸ್ತಿಲಲ್ಲೇ ಹಿಂದಿರುಗುತ್ತಾಳೆ, ಆ ಮನೆಯ ಹೆಣ್ಣಿಗೆ ಹೊಲಸಿ ಎಂದು ಹೆಸರು. ದಸರೆಗೆ, ದೀಪಾವಳಿಗೆ ನಾವು ಬೆಳಗಿದ ಪಾತ್ರೆಗಳನ್ನು ಬಿಸಿಲಿಗೆ ಸಾಲಾಗಿ ಇಟ್ಟು, ಯಾರ ಮನೆಯದು ಹೆಚ್ಚು ಹೊಳೆಯುತ್ತದೆ ಎಂದು ಓಣಿಯಲ್ಲಿ ಪಂದ್ಯ ಕಟ್ಟಿದವರು. ಇಷ್ಟು ದೊಡ್ಡ ಮನೆಯಲ್ಲಿ, ಗಾಜಿನ ಕಪಾಟಿನೊಳಗೆ, ಇಷ್ಟು ಕಿಲುಬಿನ ಸಾಮಾನೇ ಎಂದು ಅಕ್ಕನ ಪರವಾಗಿ ನನಗೇ ನಾಚಿಕೆಯಾಯಿತು.

ಹುಣಸೆಹಣ್ಣು ಹಚ್ಚಿದೆ. ಬೂದಿ ಸಿಗಲಿಲ್ಲ, ಉಪ್ಪು ಹಾಕಿದೆ. ತೆಂಗಿನ ನಾರಿನಿಂದ ಹೊಟ್ಟೆ, ಬೆನ್ನು, ಕತ್ತಿನ ಕೂದಲು, ಒಂದೊಂದು ಗೊರಸು ಬಿಡದೆ ತಿಕ್ಕಿದೆ. ಬಣ್ಣ ಹೋಗುವುದಿಲ್ಲ ಎಂದು ಹಟ ಮಾಡಿತು. ನಾನೂ ಹಟ ಮಾಡಿದೆ. ಕಪ್ಪು ನೀರು ಇಳಿದು ಇಳಿದು, ಕೊನೆಗೆ ಒಳಗಿನಿಂದ ಹಳದಿ ಕೆಂಪು ಹೊಳಪು ಎದ್ದು ಬಂತು. ತೊಳೆದು, ಹಿತ್ತಲ ಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟೆ. ಹೊಸ ತಂಬಿಗೆಯ ಹಾಗೆ ಥಳಥಳ ಎನ್ನುತ್ತಿತ್ತು.

ಅಕ್ಕ ತೆಂಗಿನಕಾಯಿ ಹಿಡಿದು ಬಂದವಳು ಅಲ್ಲಿಯೇ ನಿಂತಳು.

"ಅಯ್ಯ ಶಿವನ! ಏನ್ ಮಾಡಿದಿ?"

ನಾನು ಹೆಮ್ಮೆಯಿಂದ, ಅವಳನ್ನು ಸ್ವಲ್ಪ ಚುಚ್ಚುವ ಹಾಗೆಯೇ ಹೇಳಿದೆ: "ಎಷ್ಟು ಕಿಲುಬು ಹಿಡದಿತ್ತ ಯಕ್ಕಾ! ಇಷ್ಟ ವರ್ಷ ಒರಸಾಕತ್ತಿ, ಕಣ್ಣಿಗೆ ಬಿದ್ದಿಲ್ಲೇನ ನಿನಗ?"

ಅವಳು ಕಟ್ಟೆಯ ಮೇಲೆ ಕೂತು ಕುದುರೆಯನ್ನು ಸೆರಗಿನಲ್ಲಿ ಮುಚ್ಚಿದಳು, ಮತ್ತೆ ತೆಗೆದು ನೋಡಿದಳು. ಅಷ್ಟರಲ್ಲಿ ಮುಂದಿನ ಗೇಟು ಸದ್ದಾಯಿತು. ಅಕ್ಕ ಕುದುರೆಯನ್ನು ಎತ್ತಿಕೊಂಡು ಎದ್ದಳು.

"ನೀ ಇಲ್ಲೇ ಪಾತ್ರಿ ತಿಕ್ಕು. ಒಳಗ ಬರಬ್ಯಾಡ. ಏನ್ ಕೇಳಿದ್ರೂ ತುಟಿ ಬಿಚ್ಚಬ್ಯಾಡ."

ನಾನು ಬಾವಿಯ ಬಳಿ ಕೂತೆ. ಒಳಗಿನ ಮಾತು ಅಲ್ಲಿಗೆ ಚೆನ್ನಾಗಿ ಕೇಳುತ್ತಿತ್ತು. ಮೊದಲು ಬಾಯ್ ಚಪ್ಪಲಿ ಕಳಚಿದ ಸದ್ದು. ಆಮೇಲೆ ಬಾಯ್ ಕೇಳಿದರು: "ಹೆಂ ಕೋಣೆಂ ಕೆಲೆಂ?" ಇದನ್ನು ಯಾರು ಮಾಡಿದರು ಎಂದು.

"ಹಾಂವೆಂ, ಬಾಯ್" ಎಂದಳು ಅಕ್ಕ. ನಾನೇ.

ಬಾಯ್ ಕೂಗಾಡಲಿಲ್ಲ. ಕಿಟಕಿಯಿಂದ ನನಗೆ ಅವರ ಬೆನ್ನು ಕಾಣುತ್ತಿತ್ತು. ಕುದುರೆಯನ್ನು ಎಡಗೈಯಲ್ಲಿ ಹಿಡಿದು ಬಲಗೈಯ ಹೆಬ್ಬೆರಳಿನಿಂದ ಅದರ ಬೆನ್ನನ್ನು ಸವರಿದರು. ಮತ್ತೆ ಸವರಿದರು. ಏನನ್ನೋ ಹುಡುಕುವ ಹಾಗೆ, ಬೆಳಕಿಗೆ ತಿರುಗಿಸಿ ಇನ್ನೊಮ್ಮೆ. ಆಮೇಲೆ ಅದನ್ನು ಎದೆಗೆ ಹಿಡಿದುಕೊಂಡು ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಸಂಜೆ ಬಸ್ಸಿನಲ್ಲಿ ಅಕ್ಕ ಹೇಳಿದಳು. ಅದು ಕಿಲುಬಲ್ಲ. ಕಂಚಿಗೆ ಬೆಂಕಿ ತೋರಿಸಿ, ಔಷಧಿ ಹಚ್ಚಿ ಕಲಾವಿದ ಬೇಕೆಂದೇ ಕೊಟ್ಟ ಬಣ್ಣ. ಆದರೆ ಬಾಯ್ ಬಾಗಿಲು ಹಾಕಿಕೊಂಡದ್ದು ಅದಕ್ಕಲ್ಲ. ಅವರ ಗಂಡ ಕೊನೆಯ ವರ್ಷಗಳಲ್ಲಿ ದಿನಾ ಸಂಜೆ ಮುಂದಿನ ಜಗಲಿಯಲ್ಲಿ ಕೂತು ಆ ಕುದುರೆಯನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದರು. ಹೆಬ್ಬೆರಳು ಅದರ ಬೆನ್ನಿನ ಮೇಲೆ ಆಡುತ್ತಿತ್ತು. ಆಡಿ ಆಡಿ ಬೆನ್ನಿನಲ್ಲಿ ಒಂದು ಕಡೆ ಮಾತ್ರ ಕಪ್ಪು ಸವೆದು, ತಿಳಿಯಾದ ಒಂದು ಕಲೆ ಬಿದ್ದಿತ್ತು. ಅವರು ಹೋದ ಮೇಲೆ ಬಾಯ್ ಆ ಕಲೆಯ ಮೇಲೆ ತಮ್ಮ ಬೆರಳಿಟ್ಟು ಕೂರುತ್ತಿದ್ದರು.

"ಈಗ ಎಲ್ಲಾ ಕಡೀನೂ ಹೊಳೀತೈತಿ. ಅವರ ಬೆರಳು ಎಲ್ಲಿತ್ತು ಅಂತ ಹೆಂಗ ಹುಡಕಬೇಕು ಅವರು?" ಎಂದಳು ಅಕ್ಕ.

"ನಾನು ಹೋಗಿ ಹೇಳ್ತೀನಿ ಅಕ್ಕ. ನಂದ ತಪ್ಪು ಅಂತೀನಿ."

"ಹೇಳಿ ಎಲ್ಲಿ ಹೊಕ್ಕಿ? ಹೊಳ್ಳಿ ಆ ಗಂಡನ ಮನಿಗೆ ಹೊಕ್ಕಿಯೇನ?" ಅವಳ ದನಿ ಏರಿತು. ಮುಂದಿನ ಸೀಟಿನವರು ತಿರುಗಿ ನೋಡಿದರು. ಅವಳು ತಗ್ಗಿಸಿದಳು. "ನನ್ನ ಅವರು ಕೆಲಸದಿಂದ ಬಿಡಸಂಗಿಲ್ಲ. ನಿನ್ನ ಇನ್ನಾ ಕೆಲಸಕ್ಕ ಹಿಡದ ಇಲ್ಲ. ಸುಮ್ಮಕಿರು."

ಸುಮ್ಮನಿದ್ದೆ. ಅಕ್ಕ ಹೇಳಿದ್ದಕ್ಕೆ ಸುಮ್ಮನಿದ್ದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಪೂರ್ತಿ ಸತ್ಯವಲ್ಲ. ಹಬ್ಬದ ಮರುದಿನ ಪಣಜಿಯ ಆ ಸಂಬಂಧಿಕರು ಬಂದಿದ್ದರು. ಬಾಯ್ ನನ್ನನ್ನು ಕರೆದು ಅವರ ಮುಂದೆ ನಿಲ್ಲಿಸಿದರು. ಅಕ್ಕ ಅಡುಗೆಮನೆಯ ಬಾಗಿಲಲ್ಲಿದ್ದಳು. ಬಾಯ್ ಅಂದರು: "ಈ ಹುಡುಗಿಯ ಕೈ ಶಾಂತ. ಅಕ್ಕನ ಹಾಗೆ ದುಡುಕುವವಳಲ್ಲ." ಅನಂತರ ನನ್ನ ಕಡೆ ನೋಡಿ ನೇರವಾಗಿ ಕೇಳಿದರು: "ಅಲ್ಲವೇನೇ?"

ಆಗ ಯಾರೂ ನನ್ನ ಬಾಯಿ ಕಟ್ಟಿರಲಿಲ್ಲ. ಒಂದು ಮಾತು ಸಾಕಿತ್ತು. ನಾನು ತಲೆ ಆಡಿಸಿದೆ. ಹೌದು ಎಂದು. ಅಕ್ಕ ದುಡುಕಿನವಳು, ನಾನಲ್ಲ ಎಂದು.

ಅಡುಗೆಮನೆಯ ಬಾಗಿಲ ಕಡೆ ನಾನು ನೋಡಲಿಲ್ಲ.

ನನಗೆ ಪಣಜಿಯಲ್ಲಿ ಕೆಲಸವಾಯಿತು. ಒಳ್ಳೆಯ ಜನ. ನನಗೊಂದು ಕೋಣೆ, ಕೋಣೆಗೊಂದು ಕಿಟಕಿ. ಅಲ್ಲಿ ನಾನು ಮನುಷ್ಯಳಾದೆ. ಹಾಗೆನ್ನಲು ನಾಚಿಕೆಯಾಗುತ್ತದೆ, ಆದರೂ ಅದು ನಿಜ. ಅಕ್ಕನಿಗೆ ಕೊಡುವುದಾಗಿದ್ದ ಹಿತ್ತಲ ಕೋಣೆಗೆ ಬಾಯ್ ಬೇರೆ ಊರಿನ ಒಬ್ಬ ಬಡ ಸಂಬಂಧಿಯನ್ನು ಕರೆಸಿ ಇಟ್ಟರು. ಅಕ್ಕನ ಸೊಂಟದ ಗೊಂಚಲಿನಿಂದ ಕಪಾಟಿನ ಕೀಲಿಯನ್ನು ತೆಗೆದುಕೊಂಡರು. ಕೆಲಸದಿಂದ ಬಿಡಿಸಲಿಲ್ಲ. ಅಕ್ಕ ದಿನಾ ಇಳಿದು ಹೋದಳು, ದಿನಾ ಹತ್ತಿ ಬಂದಳು.

"ಚಲೋ ಆತು ಬಿಡು, ಕಪಾಟು ಒರಸೋದು ತಪ್ಪಿತು" ಎಂದು ಅವಳು ಫೋನಿನಲ್ಲಿ ನಗುತ್ತಿದ್ದಳು. ಕುದುರೆಯನ್ನು ಬಾಯ್ ಕಪಾಟಿಗೆ ಮತ್ತೆ ಇಡಲಿಲ್ಲ, ತಮ್ಮ ಮಂಚದ ಪಕ್ಕದ ಮೇಜಿನ ಮೇಲೆ ಇಟ್ಟುಕೊಂಡರು. ಅಕ್ಕ ಆ ಕೋಣೆಯನ್ನು ಗುಡಿಸುವಾಗ ಮೇಜಿನಿಂದ ದೂರವೇ ಇರುತ್ತಿದ್ದಳಂತೆ. "ಅಮೆರಿಕದಾಂವ ನನ್ನ ಜೋಡಿ ಟೂ ಬಿಟ್ಟಾನ" ಎನ್ನುತ್ತಿದ್ದಳು.

ರಜೆಯ ಭಾನುವಾರ ನಾನು ಮಡಗಾಂವಿಗೆ ಬರುತ್ತಿದ್ದೆ. ಆದರೆ ಗುಡ್ಡ ಹತ್ತುತ್ತಿರಲಿಲ್ಲ. ಏನಾದರೂ ನೆಪ ಹೇಳಿ ಅವಳನ್ನೇ ಬಸ್‌ಸ್ಟ್ಯಾಂಡಿಗೆ ಕರೆಯುತ್ತಿದ್ದೆ. ಕಾರಣ ಇಷ್ಟೇ: ಅವಳು ಒಂದೊಂದು ಮೆಟ್ಟಿಲಿಗೂ ಮೊಣಕಾಲಿನ ಮೇಲೆ ಕೈಯೂರಿ ಅಡ್ಡಡ್ಡ ಏರುವುದನ್ನು ನಾನು ನೋಡಲಾರದಾಗಿದ್ದೆ. ನನ್ನ ಕಣ್ಣಿಗೆ ನೋವಾಗಬಾರದೆಂದು ಅವಳ ಕಾಲನ್ನು ಇನ್ನೊಮ್ಮೆ ಇಳಿಸಿ ಹತ್ತಿಸುತ್ತಿದ್ದೆ. ಈಗ ಬರೆಯುವಾಗ ಅದು ಎಷ್ಟು ಕೆಟ್ಟದ್ದು ಎಂದು ತಿಳಿಯುತ್ತದೆ. ಆಗ ತಿಳಿಯಲಿಲ್ಲ. ಅವಳು ಬಟ್ಟೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬರುತ್ತಿದ್ದಳು. ನಾವು ಪ್ಲಾಟ್‌ಫಾರಂ ಕಟ್ಟೆಯಲ್ಲಿ ಕೂತು ತಿನ್ನುತ್ತಿದ್ದೆವು. ಕುದುರೆಯ ಮಾತು ಅವಳು ಎತ್ತಲಿಲ್ಲ. ನನ್ನನ್ನು ಹಂಗಿಸಲಿಲ್ಲ. ಜಗಳವಾದಾಗಲೂ ಇಲ್ಲ. ಅವಳ ಬೈಗುಳದ ಚೀಲದಲ್ಲಿ ಏನೇನೋ ಇರುತ್ತಿದ್ದವು, ನಾನು ಅಜ್ಜಿಯ ಬೆಲ್ಲ ಕದ್ದದ್ದು ಕೂಡ. ಇದೊಂದು ಇರಲಿಲ್ಲ.

ಕಳೆದ ಮಳೆಗಾಲದ ಆರಂಭದಲ್ಲಿ ಅವಳು ಪಾಚಿಯ ಮೇಲೆ ಜಾರಿ ಬಿದ್ದಳು. ಮೂಳೆ ಮುರಿಯಲಿಲ್ಲ, ಪುಣ್ಯ. ಆದರೆ ಡಾಕ್ಟರು, ಇನ್ನು ಈ ಮೊಣಕಾಲು ಮೆಟ್ಟಿಲು ಹತ್ತುವುದಿಲ್ಲ ಎಂದರು. ಬಹಳ ದಿನಗಳ ಮೇಲೆ ನಾನು ಗುಡ್ಡ ಹತ್ತಿದೆ. ಅಕ್ಕ ಬಾಗಿಲಲ್ಲಿ ಕಾಲು ಚಾಚಿ ಕೂತಿದ್ದಳು. "ಬಾರವಾ. ದೇವರು ಕೂತಂಗ ಮ್ಯಾಲ ಕೂತೀನಿ. ಎಲ್ಲಾರೂ ಏರಿ ಬಂದು ದರ್ಶನ ತೊಗೊಂಡು ಹೊಕ್ಕಾರ" ಎಂದಳು. ಭಾವ ಅವಳನ್ನು ಊರಿಗೆ ಕರೆದುಕೊಂಡು ಹೋಗುವ ಮಾತಾಡುತ್ತಿದ್ದ. ಅಲ್ಲಿ ನಮಗೆ ಮನೆಯೂ ಇಲ್ಲ, ಅಜ್ಜಿಯೂ ಇಲ್ಲ. ಅಕ್ಕನಿಗೆ ಗೋವಾ ಬಿಟ್ಟು ಬೇರೆ ಊರು ಗೊತ್ತೂ ಇಲ್ಲ. ಅವಳು ನಗುತ್ತಲೇ ಇದ್ದಳು. ಆದರೆ ಕಣ್ಣು ಕೆಳಗಿನ ರಸ್ತೆಯ ಮೇಲಿತ್ತು, ಕೆಲಸದ ಹೊತ್ತಿಗೆ ಹೋಗುವ ಬಸ್ಸಿನ ಮೇಲೆ.

ಮರುದಿನ ನಾನು ಯಾರಿಗೂ ಹೇಳದೆ ಬಾಯ್ ಅವರ ಮನೆಗೆ ಹೋದೆ.

ಬಾಯ್ ಬಹಳ ಮುದುಕಿಯಾಗಿದ್ದರು. ಹಿತ್ತಲ ಕೋಣೆಯ ಸಂಬಂಧಿ ಮಗಳ ಮನೆಗೆ ಹೋಗಿ ವರ್ಷವಾಗಿತ್ತು. ಮಂಚದ ಪಕ್ಕದಲ್ಲಿ ಕುದುರೆ ನಿಂತಿತ್ತು. ನಾನು ಬೆಳಗಿದ ಹೊಳಪು ಅದರ ಮೇಲೆ ಇರಲಿಲ್ಲ. ಸಮುದ್ರದ ಗಾಳಿ ಅದಕ್ಕೆ ಬೇರೆಯೇ ಒಂದು ಕಂದು ಹತ್ತಿಸಿತ್ತು, ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ. ಹಳೆಯ ಬಣ್ಣವನ್ನು ಮತ್ತೆ ಹಚ್ಚಿಕೊಡುವವರು ಪಣಜಿಯಲ್ಲಿ ಇದ್ದರಂತೆ. ಬಾಯ್ ಬೇಡ ಎಂದಿದ್ದರು. ಬಣ್ಣ ಹಚ್ಚಬಹುದು, ಬೆರಳು ಹಚ್ಚಲಾಗದು ಎಂದಿದ್ದರಂತೆ.

ನಾನು ನೆಲದ ಮೇಲೆ ಕೂತು ಹೇಳಿದೆ. ಹುಣಸೆಹಣ್ಣು, ಉಪ್ಪು, ನಾರು, ಎಲ್ಲ. ಕಿಲುಬು ಎಂದುಕೊಂಡದ್ದು. ಬಾವಿಯ ಬಳಿ ಕೂತು ಕೇಳಿಸಿಕೊಂಡದ್ದು. ಕೊನೆಗೆ ಆ ತಲೆಯಾಡಿಸಿದ್ದು. ಅದನ್ನು ಹೇಳುವಾಗ ನನ್ನ ಕೊಂಕಣಿ ಕೈಕೊಟ್ಟಿತು. ತಲೆಯಾಡಿಸಿಯೇ ತೋರಿಸಿದೆ.

ಬಾಯ್ ಕ್ಷಮಿಸುತ್ತಾರೆ ಎಂದು ನಾನು ಕಾದಿದ್ದೆನೇನೋ. ಅವರಿಗೆ ಸಿಟ್ಟು ಬಂದಿತ್ತು.

"ನೀನು ಅವತ್ತು ಕುದುರೆ ಹಾಳು ಮಾಡಿದೆ, ಅದು ತಿಳಿಯದೆ ಆದದ್ದು. ಆಮೇಲೆ ನನ್ನ ಕೈಯಿಂದ ನಿನ್ನ ಅಕ್ಕನಿಗೆ ಅನ್ಯಾಯ ಮಾಡಿಸಿದೆಯಲ್ಲ, ವರ್ಷ ವರ್ಷ? ಅವಳು ಈ ಕೋಣೆ ಗುಡಿಸುವಾಗ ನಾನು ಕುದುರೆಯ ಮೇಲೆ ಕಣ್ಣಿಟ್ಟು ಕೂರುತ್ತಿದ್ದೆ. ಕಳ್ಳಿಯನ್ನು ಕಾಯುವ ಹಾಗೆ. ಅವಳಿಗೆ ಅದು ಗೊತ್ತಿತ್ತು." ಅವರು ಬಾಗಿಲ ಕಡೆ ಕೈ ತೋರಿಸಿದರು. "ನನ್ನ ಮುಂದೆ ಯಾಕೆ ಕೂತಿದ್ದೀ? ಹೋಗು. ಅವಳನ್ನು ಕರೆದುಕೊಂಡು ಬಾ. ಅವಳ ಎದುರಿಗೆ ಹೇಳು."

ನಾನೂ ಭಾವನೂ ಸೇರಿ ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ ಗುಡ್ಡದಿಂದ ಇಳಿಸಿದೆವು. ಬಾಯ್ ಕರೆದಿದ್ದಾರೆ ಎಂದಷ್ಟೇ ಹೇಳಿದ್ದೆ. ಇಳಿಯುವಾಗ ದಾರಿಯುದ್ದಕ್ಕೂ ಬಾಗಿಲಲ್ಲಿ ನಿಂತವರಿಗೆಲ್ಲ ಅವಳು, "ನೋಡ್ರಿ, ನನ್ನ ಪಾಲಕಿ ಹೊಂಟೈತಿ, ದಾರಿ ಬಿಡ್ರಿ" ಎನ್ನುತ್ತಿದ್ದಳು.

ಬಾಯ್ ಅವರ ಎದುರಿನಲ್ಲಿ ನಾನು ಎರಡನೆಯ ಸಲ ಹೇಳಿದೆ. ಅಕ್ಕನ ಮುಖದ ನಗೆ ಹೋಯಿತು. ಅವಳು ಬಾಯ್ ಕಡೆ ನೋಡಲಿಲ್ಲ, ನನ್ನನ್ನು ನೋಡಿದಳು.

"ಯಾಕ ಹೇಳಿದಿ?"

"ಅಕ್ಕ, ನನ್ನ ತಪ್ಪು..."

"ತಪ್ಪು ನಿಂದ. ಅವತ್ತ 'ನಾನ' ಅಂದ ಮಾತು ನಂದು. ನಾ ನಿನಗ ಕೊಟ್ಟಿದ್ದು ಅದು. ನನ್ನ ಹತ್ರ ಮತ್ತೇನಿತ್ತು ನಿನಗ ಕೊಡಾಕ? ಈಗ ತಂದು ಬಾಯ್ ಮುಂದ ಚೆಲ್ಲಿದಿ."

ನಾನು ಅಷ್ಟು ವರ್ಷ ಅದನ್ನು ನನ್ನ ಪಾಪ ಎಂದುಕೊಂಡಿದ್ದೆ. ಅದು ಅವಳು ಕೊಟ್ಟ ಉಡುಗೊರೆ ಎಂದು ಒಂದು ಸಲವೂ ಹೊಳೆದಿರಲಿಲ್ಲ.

ಬಾಯ್‌ಗೆ ನಮ್ಮ ಕನ್ನಡ ತಿಳಿಯದಿದ್ದರೂ ಜಗಳ ತಿಳಿಯಿತು. ಅವರು ಮೆಲ್ಲಗೆ ಎದ್ದು ಕುದುರೆಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ಅಕ್ಕನ ಮಡಿಲಲ್ಲಿ ಇಟ್ಟರು. ಅದರ ಪಕ್ಕದಲ್ಲಿ ಹಿತ್ತಲ ಕೋಣೆಯ ಕೀಲಿ. ಕ್ಷಮೆ ಕೇಳುವ ಮಾತು ಅವರ ಬಾಯಿಂದ ಬರಲಿಲ್ಲ, ಕೇಳುವ ಹೆಂಗಸೂ ಅಲ್ಲ ಅವರು. "ಕೋಣೆಯ ಹೆಂಚು ಒಂದೆರಡು ಸೋರುತ್ತವೆ. ನಾಳೆ ಸರಿ ಮಾಡಿಸುತ್ತೇನೆ" ಎಂದರು.

ಅಕ್ಕ ಕುದುರೆಯನ್ನು ಹಿಡಿದುಕೊಂಡು ಅದರ ಕಿವಿಯ ಬಳಿ ಬಗ್ಗಿ, "ಕರ್ರಗಾಗೀಯಲ್ಲೋ ಮಾರಾಯಾ, ಬಿಸಲಾಗ ತಿರಗಿದಿ ಏನು?" ಎಂದಳು. ಬಾಯ್ ನಕ್ಕರು. ಅಕ್ಕ ನಗಲಿಲ್ಲ.

ಅಕ್ಕ ಹಿತ್ತಲ ಕೋಣೆಗೆ ಬಂದಳು. ಭಾವನೂ ಲಾರಿಯಿಂದ ಬಂದಾಗ ಅಲ್ಲೇ ಇರುತ್ತಾನೆ. ಈಗ ಅವಳು ಹೆಚ್ಚು ಓಡಾಡುವುದಿಲ್ಲ. ಬಾಯ್‌ಗೆ ಅಡುಗೆ ಮಾಡುತ್ತಾಳೆ, ಸಂಜೆ ಜಗಲಿಯಲ್ಲಿ ಕೂತು ಇಬ್ಬರೂ ದಾರಿಯಲ್ಲಿ ಹೋಗುವವರ ಮೇಲೆ ಟೀಕೆ ಮಾಡುತ್ತಾರೆ, ಒಬ್ಬರು ಕೊಂಕಣಿಯಲ್ಲಿ, ಒಬ್ಬರು ಕನ್ನಡದಲ್ಲಿ. ಇದೆಲ್ಲ ನನಗೆ ಭಾವನಿಂದ ತಿಳಿದದ್ದು. ಮಳೆಗಾಲವಿಡೀ ಅಕ್ಕ ನನ್ನ ಜೊತೆ ಮಾತಾಡಲಿಲ್ಲ. ಫೋನು ಮಾಡಿದರೆ ಬಾಯ್ ಕೈಗೆ ಕೊಡುತ್ತಿದ್ದಳು. ಬಾಯ್ "ಅವಳು ಚೆನ್ನಾಗಿದ್ದಾಳೆ, ನಿನ್ನ ಮೇಲೆ ಸಿಟ್ಟಿದೆ" ಎಂದು ಎರಡೂ ಸುದ್ದಿಯನ್ನು ಒಂದೇ ದನಿಯಲ್ಲಿ ಹೇಳಿ ಇಡುತ್ತಿದ್ದರು.

ಮಳೆ ನಿಂತ ಮೇಲೆ ಒಂದು ಬೆಳಿಗ್ಗೆ ಅಕ್ಕನೇ ಫೋನು ಮಾಡಿದಳು.

"ಏನ್ ಮಾಡಾಕತ್ತಿ?"

"ಚಹಾ ಇಟ್ಟೀನಿ ಅಕ್ಕ."

"ಬರೋ ಐತವಾರ ರಜಾ ಐತೇನು? ಗಾದಿ ಎಲ್ಲಾ ಮಳಿಗೆ ಥಂಡಿ ಹಿಡದಾವು. ಬಾಯ್‌ದೂ, ನಂದೂ. ಬಿಸಲಿಗೆ ಹಾಕಬೇಕು. ನನ್ನ ಕೈಲೆ ಆಗವಲ್ದು. ಬರ್ತಿಯೇನ?"

ಒಲೆಯ ಮೇಲಿನ ಚಹಾ ಉಕ್ಕಿ ಹೋಯಿತು. ನಾನು ಹುಟ್ಟಿದಾಗಿನಿಂದ ಅಕ್ಕ ನನ್ನನ್ನು ತನಗಾಗಿ ಒಂದು ಕೆಲಸಕ್ಕೆ ಕರೆದವಳಲ್ಲ. ತನ್ನ ಕೈಲಿ ಆಗುವುದಿಲ್ಲ ಎಂಬ ಮಾತನ್ನು ಅವಳ ಬಾಯಲ್ಲಿ ನಾನು ಕೇಳಿಯೇ ಇರಲಿಲ್ಲ. ಭಾನುವಾರದ ತನಕ ಕಾಯಲು ನನ್ನಿಂದ ಆಗಲಿಲ್ಲ. ಮನೆಯವರನ್ನು ಕೇಳಿಕೊಂಡು ಮರುದಿನ ಬೆಳಗಿನ ಮೊದಲ ಬಸ್ಸಿಗೇ ಹೊರಟೆ.

ಹತ್ತಿಯ ಹಳೆಯ ಗಾದಿ, ಹಸಿ ಹಿಡಿದು ಹೆಣಭಾರವಾಗಿತ್ತು. ಅಕ್ಕ ಒಂದು ತುದಿ ಹಿಡಿದಳು, ನಾನು ಇನ್ನೊಂದು. ಅವಳ ಕಾಲಿಗೆ ಅಡ್ಡ ಬರದ ಹಾಗೆ ನಾನು ಹಿಮ್ಮುಖವಾಗಿ ನಡೆದೆ. ಹೊಸ್ತಿಲು ದಾಟುವಾಗ ಗಾದಿ ನಡುವೆ ಬಾಗಿ ನನ್ನ ಮೇಲೆ ವಾಲಿತು.

"ಏ, ನಿಲ್ಲು ನಿಲ್ಲು! ಭಾರ ಎಲ್ಲಾ ನಿನ್ನ ಕಡೀನ ಬಿದ್ದೈತಿ, ಹುಚ್ಚಿ" ಎಂದಳು.

"ಇರಲಿ ಅಕ್ಕ" ಎಂದೆ, "ನೀ ನಡಿ."